ವಜ್ರದ ಬಿಸಿಯೂ ಸಿ.ವಿ. ರಾಮನ್ ಹಟವೂ

ಸಿ.ವಿ. ರಾಮನ್ ಬಗ್ಗೆ ನಮಗೆ ಗೊತ್ತಿರೋದು ಹೆಚ್ಚುಕಮ್ಮಿ 1930ಕ್ಕೇ ನಿಂತುಹೋಗುತ್ತೆ. ಫೆಬ್ರವರಿ 28, ವಿಜ್ಞಾನ ದಿನ, ಸಮುದ್ರದ ನೀಲಿ ಬಣ್ಣ, ನೊಬೆಲ್ ಪ್ರಶಸ್ತಿ. ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆಗೆ ಬಾಯಿಪಾಠ ಮಾಡಿದವರಿಗೆಲ್ಲ ಇಷ್ಟು ಬಂದೇ ಬರುತ್ತೆ. ಆದರೆ ನೊಬೆಲ್ ಬಂದ ಮೇಲೆ ರಾಮನ್ ಇನ್ನೂ 40 ವರ್ಷ ಬದುಕಿದ್ದರು. ಅದರಲ್ಲಿ 37 ವರ್ಷ ನಮ್ಮ ಬೆಂಗಳೂರಿನಲ್ಲೇ ಇದ್ದರು. ಆ ವರ್ಷಗಳಲ್ಲಿ ಅವರು ಬಿಡದೆ ಹಿಡಿದು ಕೂತಿದ್ದ ಒಂದು ಪ್ರಶ್ನೆ ಕೇಳೋದಕ್ಕೆ ತುಂಬಾ ಸಾದಾ. ಒಂದು ಗಟ್ಟಿ ವಸ್ತುವನ್ನು ಕಾಯಿಸಿದರೆ ಆ ಬಿಸಿ ಅದರೊಳಗೆ ಯಾವ ರೂಪದಲ್ಲಿ ಕೂತಿರುತ್ತೆ? ಈ ಪ್ರಶ್ನೆಗಾಗಿ ರಾಮನ್ ಪ್ರಪಂಚದ ದೊಡ್ಡ ದೊಡ್ಡವರ ಜೊತೆ ಜಗಳ ಆಡಿದರು. ಕೊನೆಗೆ ಸೋತರು. ಸೋತೆ ಅಂತ ಮಾತ್ರ ಒಪ್ಪಲಿಲ್ಲ.

ಈ ಕಥೆ ನನ್ನ ಕಣ್ಣಿಗೆ ಬಿದ್ದಿದ್ದು ಅಡಿಕೆ ಸಿಪ್ಪೆಯ ದೆಸೆಯಿಂದ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗರು ನಾಲ್ಕು ಜನ ಸೇರಿದರೆ ಫೈನಲ್ ಇಯರ್ ಪ್ರಾಜೆಕ್ಟ್ ಎಲ್ಲಿಂದ ಶುರುವಾದರೂ ಅಡಿಕೆಗೆ ಬಂದು ನಿಲ್ಲುತ್ತೆ. ನಮ್ಮ ಸೀನಿಯರ್ಸ್ ಅಡಿಕೆ ಸಿಪ್ಪೆಯ ನಾರನ್ನು ಎಪಾಕ್ಸಿ ಜೊತೆ ಸೇರಿಸಿ ಹಲಗೆ ಥರ ಕಾಂಪೋಸಿಟ್ ಮಾಡಿದ್ದರು. ಹೆಂಚಿನ ಮನೆಗೆ ಸೀಲಿಂಗ್ ಆಗಿ ಹಾಕಬಹುದಾ, ಬಿಸಿಲಿನ ಕಾವನ್ನು ಅದು ಎಷ್ಟು ತಡೆಯುತ್ತೆ ಅನ್ನೋದು ಅವರ ಪ್ರಶ್ನೆ. ಇಂಥ ಹಲಗೆಯಾಗಲಿ, ಸೆರಾಮಿಕ್ ಬಿಲ್ಲೆಯಾಗಲಿ, ಅದರ ಥರ್ಮಲ್ ಕಂಡಕ್ಟಿವಿಟಿ ಅಳೆಯೋಕೆ ಈಗ ಹೆಚ್ಚು ಬಳಸುವ ದಾರಿಗಳಲ್ಲಿ ಒಂದು ಲೇಸರ್ ಫ್ಲ್ಯಾಶ್. 1961ರಲ್ಲಿ ಪಾರ್ಕರ್ ಮತ್ತು ಸಂಗಡಿಗರು ಅಮೆರಿಕದಲ್ಲಿ ತೋರಿಸಿಕೊಟ್ಟ ವಿಧಾನ ಇದು. ತೆಳ್ಳಗಿನ ಬಿಲ್ಲೆಯ ಒಂದು ಮುಖಕ್ಕೆ ಕ್ಷಣಮಾತ್ರ ಬೆಳಕಿನ ಏಟು ಕೊಡೋದು, ಹಿಂದಿನ ಮುಖ ಎಷ್ಟು ಹೊತ್ತಿಗೆ ಬಿಸಿಯಾಗುತ್ತೆ ಅಂತ ನೋಡೋದು. ಆದರೆ ಇದರಿಂದ ನೇರವಾಗಿ ಸಿಗೋದು ಡಿಫ್ಯೂಸಿವಿಟಿ ಮಾತ್ರ. ಕಂಡಕ್ಟಿವಿಟಿ ಬೇಕು ಅಂದರೆ ಅದನ್ನು ಸಾಂದ್ರತೆಯಿಂದಲೂ ಸ್ಪೆಸಿಫಿಕ್ ಹೀಟ್‌ನಿಂದಲೂ ಗುಣಿಸಬೇಕು. ಅಂದರೆ ಬಿಸಿ ಎಷ್ಟು ಬೇಗ ಹರಿಯುತ್ತೆ ಅಂತ ಗೊತ್ತಾದರೆ ಸಾಲದು, ಆ ವಸ್ತು ಎಷ್ಟು ಬಿಸಿಯನ್ನು ಒಳಗೆ ಇಟ್ಟುಕೊಳ್ಳುತ್ತೆ ಅನ್ನೋದೂ ಗೊತ್ತಿರಬೇಕು.

ಇಟ್ಟುಕೊಳ್ಳೋದರಲ್ಲಿ ವಸ್ತುವಿಗೂ ವಸ್ತುವಿಗೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆ ಬೇಯಿಸುವಾಗ ಒಲೆ ಆರಿಸಿ ಎಷ್ಟೋ ಹೊತ್ತಾದರೂ ಹಂಡೆಯೊಳಗಿನ ಚೊಗರು ಕೈ ಇಡೋಕಾಗದಷ್ಟು ಬಿಸಿ ಇರುತ್ತೆ. ಅದೇ ಒಲೆಯಿಂದ ತೆಗೆದ ಖಾಲಿ ತಾಮ್ರದ ಪಾತ್ರೆ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತೆ. ಈ ವ್ಯತ್ಯಾಸ ಯಾಕೆ ಅಂತ ಅಣುಗಳ ಮಟ್ಟಕ್ಕೆ ಇಳಿದು ಕೇಳಿದರೆ ರಾಮನ್ ಜಗಳದ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಮೊದಲು ರಾಮನ್ ಆ ಬಾಗಿಲಿಗೆ ಹೇಗೆ ಬಂದರು ಅಂತ ನೋಡೋಣ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಮುಂದೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ಹುಡುಗ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಓದುತ್ತಿರುವಾಗಲೇ, 18 ವಯಸ್ಸಿಗೆ, ಬೆಳಕಿನ ಡಿಫ್ರಾಕ್ಷನ್ ಬಗ್ಗೆ ಬರೆದ ಮೊದಲ ಪೇಪರ್ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್‌ನಲ್ಲಿ ಬಂತು. ನಮಗಿಂತ ಒಂದು ವರ್ಷ ಚಿಕ್ಕವರು ಆಗ! ಆದರೆ ಆ ಕಾಲದಲ್ಲಿ ವಿಜ್ಞಾನ ಓದಿದವನಿಗೆ ಕೆಲಸ ಎಲ್ಲಿ? ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಪಾಸಾದರು, 1907ರಲ್ಲಿ ಲೋಕಸುಂದರಿಯವರನ್ನು ಮದುವೆಯಾಗಿ ಕಲ್ಕತ್ತೆಗೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೊರಟರು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿಸಿದ್ದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಇತ್ತು. ಕಟ್ಟಡ ಇತ್ತು, ಲ್ಯಾಬ್ ಇತ್ತು, ಕೆಲಸ ಮಾಡೋರು ಮಾತ್ರ ಇರಲಿಲ್ಲ. ರಾಮನ್ ಅಲ್ಲಿಗೆ ಆಫೀಸಿಗೆ ಮುಂಚೆ ಒಂದು ಸಲ, ಆಫೀಸು ಮುಗಿದ ಮೇಲೆ ಒಂದು ಸಲ ಹೋಗಿ ಪ್ರಯೋಗ ಮಾಡುತ್ತಿದ್ದರು. ಆಶುತೋಷ್ ಡೇ ಅನ್ನೋ ಸಹಾಯಕರು ಜೊತೆಗಿದ್ದರು. ಹತ್ತು ವರ್ಷ ಹೀಗೇ ನಡೀತು. ನಡುವೆ ರಂಗೂನ್, ನಾಗಪುರಕ್ಕೆ ವರ್ಗ ಆದಾಗಲೂ ಪ್ರಯೋಗ ನಿಲ್ಲಲಿಲ್ಲ. 1917ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಹುದ್ದೆ ಬಂದಾಗ, ಸಂಬಳ ಕಡಿಮೆಯಾದರೂ ಸರ್ಕಾರಿ ಕೆಲಸ ಬಿಟ್ಟು ಬಂದರು. ಕ್ಯಾಂಪಸ್ ಪ್ಲೇಸ್‌ಮೆಂಟ್ ಲೆಕ್ಕದಲ್ಲಿ ಯೋಚಿಸುವ ನಮಗೆ ಇದು ಸ್ವಲ್ಪ ಅರ್ಥವಾಗೋದು ಕಷ್ಟ.

1921ರ ಹಡಗಿನ ಪ್ರಯಾಣ, ಮೆಡಿಟರೇನಿಯನ್ ನೀಲಿ, 1928ರ ಫೆಬ್ರವರಿ 28 ಎಲ್ಲ ನಿಮಗೆ ಗೊತ್ತು. ಒಂದೇ ಒಂದು ವಿಷಯ ಇಲ್ಲಿ ಗಮನಿಸಬೇಕು. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಆ ಶೋಧ ಮಾಡಿದ್ದು ಬಿಸಿಲು, ಲೆನ್ಸು, ಬಣ್ಣದ ಫಿಲ್ಟರು, ಸಣ್ಣ ಸ್ಪೆಕ್ಟ್ರೋಸ್ಕೋಪು ಇವುಗಳಿಂದ. ಆಮೇಲೆ ಪಾದರಸದ ದೀಪ, ಫೋಟೋ ಪ್ಲೇಟು ಬಂದವು. ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ ಚೆದುರಿ ಬರುವ ಬೆಳಕಿನಲ್ಲಿ ಬೇರೆ ಬಣ್ಣದ ಸಣ್ಣ ಗೆರೆಗಳೂ ಕಾಣಿಸುತ್ತವೆ. ಆ ಗೆರೆ ಮೂಲ ಬಣ್ಣದಿಂದ ಎಷ್ಟು ದೂರ ಇದೆಯೋ ಅದು ವಸ್ತುವಿನ ಅಣುಗಳು ಎಷ್ಟು ವೇಗದಲ್ಲಿ ಅದುರುತ್ತಿವೆ ಅನ್ನೋದರ ಅಳತೆ. ಕಡಿಮೆ ಖರ್ಚು, ಚುರುಕು ಕಣ್ಣು, ಪ್ಲೇಟಿನ ಮೇಲೆ ಸ್ಪಷ್ಟವಾದ ಗೆರೆ. ರಾಮನ್ ಅವರನ್ನು ಗೆಲ್ಲಿಸಿದ ಈ ಮೂರೇ ಅವರನ್ನು ಮುಂದೆ ಕಟ್ಟಿಯೂ ಹಾಕಿದವು ಅಂತ ನನಗನ್ನಿಸುತ್ತೆ.

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು, ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನ ನಿರ್ದೇಶಕರಾಗಿ. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯರು ಅವರು. ಬಂದವರೇ ಭೌತಶಾಸ್ತ್ರ ವಿಭಾಗ ಶುರು ಮಾಡಿದರು, 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು, ಅದರ ಪತ್ರಿಕೆ ತಿಂಗಳು ತಿಂಗಳು ತಪ್ಪದೆ ಬರೋ ಹಾಗೆ ನೋಡಿಕೊಂಡರು. ಅದೇ ಸುಮಾರಿಗೆ ಕಮಲಾ ಭಾಗವತ್ ಅನ್ನೋ ವಿದ್ಯಾರ್ಥಿನಿ ಸೀಟು ಕೇಳಿದಾಗ ಹೆಂಗಸು ಅನ್ನೋ ಕಾರಣಕ್ಕೆ ಇಲ್ಲ ಅಂದರು. ಆಕೆ ಪಟ್ಟು ಬಿಡದ ಮೇಲೆ ಒಂದು ವರ್ಷ ಪರೀಕ್ಷೆಗೆ ಅಂತ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಅಂತ ಹೆಸರು ಮಾಡಿದ ಜೀವರಸಾಯನ ವಿಜ್ಞಾನಿ ಅವರೇ. ದೊಡ್ಡವರ ಜೀವನ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡೋದು ನಮ್ಮಲ್ಲಿ ರೂಢಿ. ಬಿಡಬಾರದು.

ಇಲ್ಲಿಗೆ ನಮ್ಮ ಕಥೆಯ ಇನ್ನೊಬ್ಬ ವ್ಯಕ್ತಿ ಬರುತ್ತಾರೆ. ಮ್ಯಾಕ್ಸ್ ಬಾರ್ನ್. ಕ್ವಾಂಟಮ್ ಮೆಕ್ಯಾನಿಕ್ಸ್ ಕಟ್ಟಿದವರಲ್ಲಿ ಒಬ್ಬರು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ಯಹೂದಿ ಅನ್ನೋ ಕಾರಣಕ್ಕೆ, ಜರ್ಮನಿಯ ಗಟಿಂಗೆನ್‌ನಲ್ಲಿ ಅವರ ಕೆಲಸ ಹೋಗಿತ್ತು. ಹೀಗೆ ನೆಲೆ ಕಳೆದುಕೊಂಡ ಒಳ್ಳೆ ವಿಜ್ಞಾನಿಗಳನ್ನು ಬೆಂಗಳೂರಿಗೆ ಕರೆಸಬೇಕು ಅನ್ನೋದು ರಾಮನ್ ಕನಸು. ಎಂಥ ದೂರದೃಷ್ಟಿ ನೋಡಿ. 1935ರ ಕೊನೆಯಲ್ಲಿ ಬಾರ್ನ್ ಹೆಂಡತಿಯ ಜೊತೆ ಬೆಂಗಳೂರಿಗೆ ಬಂದು ಸುಮಾರು ಆರು ತಿಂಗಳು ಪಾಠ ಮಾಡಿದರು. ಅವರನ್ನು ಇಲ್ಲೇ ಪ್ರೊಫೆಸರ್ ಆಗಿ ಉಳಿಸಿಕೊಳ್ಳೋಕೆ ರಾಮನ್ ಸಭೆಯಲ್ಲಿ ಪ್ರಸ್ತಾಪ ಇಟ್ಟರು. ಆಗ ಆಸ್ಟನ್ ಅನ್ನೋ ಇಂಗ್ಲಿಷ್ ಪ್ರೊಫೆಸರ್ ಬಾರ್ನ್ ಎದುರಿಗೇ ಅವರನ್ನು ಹೀಯಾಳಿಸಿ ಮಾತಾಡಿದರು. ಪ್ರಸ್ತಾಪ ಬಿದ್ದುಹೋಯಿತು. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು. ರಾಮನ್ ಆಡಳಿತದ ಬಗ್ಗೆ ದೂರುಗಳು ಹೆಚ್ಚಾಗಿ ಪರಿಶೀಲನಾ ಸಮಿತಿ ಬಂತು, 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟರು. ಪ್ರೊಫೆಸರ್ ಆಗಿ ಮಾತ್ರ ಉಳಿದರು.

ಆಗ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದ ಇದೇ ರಾಮನ್, ಇದೇ ಬಾರ್ನ್ ಮುಂದಿನ ಹತ್ತು ವರ್ಷದಲ್ಲಿ ಕಡು ವಿರೋಧಿಗಳಾದರು. ಕಾರಣ ವಜ್ರ.

ವಜ್ರ ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ನಾವು ಮೊದಲ ವರ್ಷ ಓದಿದ ಡ್ಯೂಲಾಂಗ್–ಪೆಟಿ ನಿಯಮ ನೆನಪಿದೆಯಾ? ಘನವಸ್ತು ಯಾವುದೇ ಇರಲಿ, ಒಂದು ಮೋಲ್ ಅಣುಗಳನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 25 ಜೂಲ್ ಬೇಕು ಅನ್ನುತ್ತೆ ಅದು. ತಾಮ್ರ, ಸೀಸ, ಬೆಳ್ಳಿ ಈ ಮಾತು ಕೇಳುತ್ತವೆ. ವಜ್ರ ಕೇಳಲ್ಲ. ಕೋಣೆಯ ಉಷ್ಣತೆಯಲ್ಲಿ ಅದಕ್ಕೆ ಬರೀ 6 ಜೂಲ್ ಸಾಕು, ಕಾಲು ಭಾಗ. ಕಾಯಿಸುತ್ತಾ ಹೋದರೆ ಈ ಅಂಕಿ ಏರುತ್ತೆ, ಸಾವಿರ ಡಿಗ್ರಿ ಹತ್ತಿರ 25ರ ಕಡೆ ಬರುತ್ತೆ. ಇದನ್ನು 1870ರ ದಶಕದಲ್ಲಿ ಕಷ್ಟಪಟ್ಟು ಅಳೆದವರು ಹೈನ್ರಿಕ್ ವೇಬರ್. ಇವರೇ ಮುಂದೆ ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಪ್ರೊಫೆಸರ್ ಆಗಿದ್ದವರು, ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೂ 1907ರಲ್ಲಿ ಐನ್‌ಸ್ಟೈನ್ ಘನವಸ್ತುಗಳ ಬಿಸಿಗೆ ಕ್ವಾಂಟಮ್ ಲೆಕ್ಕ ಹಾಕಿದಾಗ ಹೋಲಿಸಿ ನೋಡಿದ್ದು ಗುರುಗಳ ವಜ್ರದ ಅಂಕಿಗಳ ಜೊತೆಗೇ.

ಐನ್‌ಸ್ಟೈನ್ ಲೆಕ್ಕದ ತಿರುಳು ಹೀಗೆ. ಅಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡುಗಳ ಥರ ಅದುರುತ್ತವೆ, ಆ ಅದುರಾಟವೇ ಬಿಸಿ. ಆದರೆ ಶಕ್ತಿಯನ್ನು ಚಿಲ್ಲರೆಯಾಗಿ ತಗೊಳ್ಳೋ ಹಾಗಿಲ್ಲ, ಇಡೀ ನೋಟಾಗಿಯೇ ತಗೊಳ್ಳಬೇಕು. ಸ್ಪ್ರಿಂಗು ಬಿಗಿಯಾದಷ್ಟೂ, ಗುಂಡು ಹಗುರವಾದಷ್ಟೂ ನೋಟು ದೊಡ್ಡದು. ಸೀಸದ ಅಣು ಭಾರ, ಹಿಡಿತ ಸಡಿಲ, ಹಾಗಾಗಿ ಹತ್ತು ರೂಪಾಯಿ ನೋಟಿನಲ್ಲೇ ವ್ಯವಹಾರ ನಡೆಯುತ್ತೆ. ವಜ್ರದ ಕಾರ್ಬನ್ ಹಗುರ, ಹಿಡಿತ ಭಯಂಕರ ಬಿಗಿ, ಅದಕ್ಕೆ ಐನೂರರ ನೋಟೇ ಬೇಕು. ಕೋಣೆಯ ಉಷ್ಣತೆಯಲ್ಲಿ ಹೆಚ್ಚಿನ ಅಣುಗಳ ಕೈಗೆ ಅಷ್ಟು ದೊಡ್ಡ ನೋಟು ಬರೋದೇ ಇಲ್ಲ. ಅದಕ್ಕೇ ಅಷ್ಟು ಕಡಿಮೆ ಸ್ಪೆಸಿಫಿಕ್ ಹೀಟ್. ಅಲ್ಯುಮಿನಾ, ಸಿಲಿಕಾನ್ ಕಾರ್ಬೈಡ್ ಥರದ ಸೆರಾಮಿಕ್‌ಗಳ ಸ್ಪೆಸಿಫಿಕ್ ಹೀಟ್ ಉಷ್ಣತೆಯ ಜೊತೆ ಅಷ್ಟೊಂದು ಬದಲಾಗೋದಕ್ಕೂ ಇದೇ ಕಾರಣ. ಹಗುರ ಅಣು, ಬಿಗಿ ಹಿಡಿತ.

ಐನ್‌ಸ್ಟೈನ್ ಎಲ್ಲ ಅಣುಗಳಿಗೂ ಒಂದೇ ವೇಗದ ಅದುರಾಟ ಕೊಟ್ಟಿದ್ದರು. ತುಂಬಾ ತಣ್ಣಗೆ ಮಾಡಿದಾಗ ಈ ಲೆಕ್ಕ ಕೈ ಕೊಡುತ್ತೆ. 1912ರಲ್ಲಿ ಡಿಬೈ ಒಂದು ಕಡೆ, ಬಾರ್ನ್ ಮತ್ತು ಫಾನ್ ಕಾರ್ಮನ್ ಇನ್ನೊಂದು ಕಡೆ ಅದನ್ನು ಸರಿಮಾಡಿದರು. ಅಣುಗಳು ಬೇರೆ ಬೇರೆಯಾಗಿ ಅದುರಲ್ಲ, ಎಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ, ಹಾಗಾಗಿ ಹರಳಿನಲ್ಲಿ ಉದ್ದ ಅಲೆ, ಗಿಡ್ಡ ಅಲೆ, ನಿಧಾನದ್ದು, ಜೋರಿನದ್ದು ಎಲ್ಲವೂ ಎಡೆಬಿಡದ ಸಾಲಾಗಿ ಇರುತ್ತವೆ ಅಂದರು. ತುಂಬಾ ತಣ್ಣಗಿದ್ದಾಗ ಸ್ಪೆಸಿಫಿಕ್ ಹೀಟ್ ಉಷ್ಣತೆಯ ಘನಕ್ಕೆ ತಕ್ಕಂತೆ ಇಳಿಯುತ್ತೆ, ಉಷ್ಣತೆ ಅರ್ಧ ಆದರೆ ಅದು ಎಂಟನೇ ಒಂದು ಭಾಗ ಆಗುತ್ತೆ ಅಂತ ಡಿಬೈ ಲೆಕ್ಕ ಹೇಳಿತು.

ಈಗ ಬೆಂಗಳೂರಿಗೆ ವಾಪಸ್ ಬರೋಣ. ರಾಮನ್ ಲ್ಯಾಬಿನಲ್ಲಿ ವಜ್ರದ ಮೇಲೆ ಬೆಳಕು ಬಿಟ್ಟಾಗ ಪ್ಲೇಟಿನ ಮೇಲೆ ಒಂದು ಚೂಪಾದ ಗೆರೆ ಬರುತ್ತಿತ್ತು, ಸೆಂಟಿಮೀಟರಿಗೆ 1332 ಅಲೆಗಳ ಲೆಕ್ಕದ ಗೆರೆ. ಇವತ್ತಿಗೂ ವಜ್ರ ಅಸಲಿಯೋ ನಕಲಿಯೋ ಅಂತ ನೋಡೋಕೆ ಇದೇ ಗೆರೆಯನ್ನು ಹುಡುಕುತ್ತಾರೆ. ಅಂದರೆ ವಜ್ರದ ನೋಟು ಎಷ್ಟು ದೊಡ್ಡದು ಅನ್ನೋದು ರಾಮನ್ ಪರಿಣಾಮದಿಂದಲೇ ಕಣ್ಣಿಗೆ ಕಾಣೋ ಹಾಗಾಯಿತು. ಮುಂದೆ ಆರ್.ಎಸ್. ಕೃಷ್ಣನ್ ಇನ್ನೂ ಮಂಕಾದ ಗೆರೆಗಳನ್ನೂ ಹಿಡಿದರು. ಆ ಪ್ಲೇಟುಗಳಲ್ಲಿ ಬಿಡಿಬಿಡಿಯಾದ ಗೆರೆಗಳು ಕಂಡವು. ಬಾರ್ನ್ ಹೇಳೋ ಹಾಗೆ ಎಡೆಬಿಡದ ಸಾಲು ಇದ್ದರೆ ಈ ಚೂಪು ಗೆರೆಗಳು ಎಲ್ಲಿಂದ ಬಂದವು? ರಾಮನ್ ಕೇಳಿದ ಈ ಪ್ರಶ್ನೆಯಲ್ಲಿ ನ್ಯಾಯ ಇತ್ತು. 1940ರ ದಶಕದ ಶುರುವಿನಲ್ಲಿ ಅವರು ತಮ್ಮದೇ ಸಿದ್ಧಾಂತ ಮುಂದಿಟ್ಟರು. ಹರಳಿನ ಒಂದು ಮೂಲ ಕೋಶದಲ್ಲಿ p ಅಣುಗಳಿದ್ದರೆ ಇಡೀ ಹರಳಿಗೆ 24p−3 ಅದುರಾಟಗಳು, ಅಷ್ಟೇ. ಅಕ್ಕಪಕ್ಕದ ಕೋಶಗಳು ಒಂದೋ ಜೊತೆಯಾಗಿ ಅದುರುತ್ತವೆ, ಇಲ್ಲಾ ಎದುರುಬದುರಾಗಿ. ಅಂದರೆ ಬಿಸಿ ಕೂತಿರೋದು ಎಣಿಸಿ ಹೇಳಬಹುದಾದ ಕೆಲವೇ ಅದುರಾಟಗಳಲ್ಲಿ, ಎಡೆಬಿಡದ ಅಲೆಗಳಲ್ಲಿ ಅಲ್ಲ. ಡಿಬೈ, ಬಾರ್ನ್ ಹೇಳಿದ್ದು ತಪ್ಪು.

ಗಲಾಟೆ ಜೋರಾಯಿತು. ನೇಚರ್ ಪತ್ರಿಕೆಯಲ್ಲೂ ಎರಡೂ ಕಡೆಯವರು ಬರೆದರು. ಬಾರ್ನ್ ಶಿಷ್ಯೆ ಹೆಲೆನ್ ಸ್ಮಿತ್ ಕೃಷ್ಣನ್ ಅವರ ಪ್ಲೇಟುಗಳನ್ನು ಬಾರ್ನ್ ಲೆಕ್ಕದಿಂದಲೇ ವಿವರಿಸಬಹುದು ಅಂತ 1948ರಲ್ಲಿ ತೋರಿಸಿದರು. ಎಡೆಬಿಡದ ಸಾಲಿನಲ್ಲೂ ಕೆಲವು ವೇಗಗಳ ಹತ್ತಿರ ಅಲೆಗಳು ಸಂತೆಯ ಥರ ಗುಂಪು ಕಟ್ಟುತ್ತವೆ, ಪ್ಲೇಟಿನಲ್ಲಿ ಗೆರೆಯಂತೆ ಕಾಣೋದು ಆ ಗುಂಪು. ರಾಮನ್ ನೋಡಿದ್ದು ಸುಳ್ಳಲ್ಲ. ಸಂತೆ ನಡೆಯೋ ಊರಲ್ಲಿ ಮಾತ್ರ ಜನ ಇದ್ದಾರೆ, ದಾರಿಯಲ್ಲಿ ಯಾರೂ ಇಲ್ಲ ಅಂತ ಅವರು ತೀರ್ಮಾನ ಮಾಡಿದ್ದು ತಪ್ಪಾಯಿತು.

ಈ ಜಗಳದ ಹಿಂದೆ ವಿದ್ಯಾರ್ಥಿಗಳ ವರ್ಷಗಳೂ ಇದ್ದವು ಅನ್ನೋದನ್ನು ಮರೆಯಬಾರದು. 1940ರಲ್ಲಿ ರಾಮನ್ ಲ್ಯಾಬಿಗೆ ಸೇರಿದ ಅನ್ನಾ ಮಣಿ ವಜ್ರ, ಮಾಣಿಕ್ಯಗಳು ಬೆಳಕು ಸೂಸುವ ರೀತಿಯನ್ನು ಅಭ್ಯಾಸ ಮಾಡಿದರು. ಮೂವತ್ತಕ್ಕೂ ಹೆಚ್ಚು ವಜ್ರಗಳು. ಒಂದೊಂದು ಪ್ಲೇಟಿಗೆ ಹದಿನೈದು ಇಪ್ಪತ್ತು ಗಂಟೆ ಎಕ್ಸ್‌ಪೋಶರ್, ರಾತ್ರಿಯೆಲ್ಲ ಲ್ಯಾಬಿನಲ್ಲೇ. ಐದು ಪೇಪರ್ ಬರೆದರು, ಥೀಸಿಸ್ ಕೊಟ್ಟರು. ಎಂ.ಎಸ್‌ಸಿ. ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ! ಅವರು ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳ ಕೆಲಸ ಕಲಿತು ಬಂದರು; ಉಷ್ಣತೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಭಾರತದಲ್ಲೇ ತಯಾರಿಸಿ ಸರಿಯಾಗಿ ಕ್ಯಾಲಿಬ್ರೇಟ್ ಮಾಡುವ ವ್ಯವಸ್ಥೆ ಕಟ್ಟಿದರು. ರಾಮನ್ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ವ್ಯಕ್ತಿ ನಿಜ ಹೇಳಬೇಕು ಅಂದರೆ ಇವರೇ.

ಹೋಮಿ ಭಾಭಾ ಕೂಡ ಯುದ್ಧದ ಆ ವರ್ಷಗಳಲ್ಲಿ ಅದೇ ವಿಭಾಗದಲ್ಲಿ ರೀಡರ್ ಆಗಿದ್ದರು. ಈ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತೆ.

1948ರಲ್ಲಿ ರಾಮನ್ ಟಾಟಾ ಇನ್‌ಸ್ಟಿಟ್ಯೂಟಿನಿಂದ ನಿವೃತ್ತರಾದರು. ಮೈಸೂರು ಮಹಾರಾಜರು ಅಕಾಡೆಮಿಗೆ ಕೊಟ್ಟಿದ್ದ ಜಾಗದಲ್ಲಿ ತಮ್ಮದೇ ಸಂಸ್ಥೆ ಕಟ್ಟಿಸಿದ್ದರು, ಅದೇ ಈಗಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್. ಶುರುವಿನಲ್ಲಿ ಅಲ್ಲಿಗೆ ಕರೆಂಟ್ ಇರಲಿಲ್ಲ. ನಮ್ಮ ಜೋಗದಲ್ಲಿ ಶರಾವತಿಯ ಪವರ್ ಹೌಸ್ ಚಾಲೂ ಆಗಿದ್ದು ಅದೇ 1948ರಲ್ಲಿ, ನೊಬೆಲ್ ವಿಜ್ಞಾನಿಯ ಲ್ಯಾಬಿಗೆ ಮಾತ್ರ ಬಿಸಿಲೇ ಗತಿ! ರಾಮನ್‌ಗೆ ಅದೇನು ತೊಂದರೆ ಅನ್ನಿಸಲಿಲ್ಲ. ಕನ್ನಡಿ, ಲೆನ್ಸು ಇಟ್ಟುಕೊಂಡು ಬಿಸಿಲಿನಲ್ಲೇ ಪ್ರಯೋಗ ಮಾಡಿದರು. ಸರ್ಕಾರದ ದುಡ್ಡು ತಗೊಂಡರೆ ಸರ್ಕಾರದ ಮಾತು ಕೇಳಬೇಕಾಗುತ್ತೆ ಅಂತ ಅದನ್ನೂ ಬೇಡ ಅಂದರು. ದಾನಿಗಳಿಂದ ಸಂಗ್ರಹಿಸಿದ್ದು, ತಾವು ಪಾಲುದಾರರಾಗಿದ್ದ ಕೆಮಿಕಲ್ ಕಂಪನಿಯಿಂದ ಬಂದದ್ದು, ಸ್ವಂತ ಉಳಿತಾಯ, ಇಷ್ಟರಲ್ಲೇ ಸಂಸ್ಥೆ ನಡೆಸಿದರು.

ಆ ಸ್ವಾಭಿಮಾನಕ್ಕೆ ಕೈ ಮುಗಿಯಲೇಬೇಕು. ಆದರೆ ಘನವಸ್ತುವಿನ ಬಿಸಿಯ ಜಗಳವನ್ನು ಬಗೆಹರಿಸುವ ಅಳತೆ ಬಿಸಿಲು, ಲೆನ್ಸುಗಳಿಂದ ಆಗುವಂಥದ್ದಾಗಿರಲಿಲ್ಲ. ಒಂದು ದಾರಿ ದ್ರವ ಹೀಲಿಯಂ ಹಾಕಿ ಹರಳನ್ನು ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣಿಸಿ ಸ್ಪೆಸಿಫಿಕ್ ಹೀಟ್ ಅಳೆಯೋದು. ಇನ್ನೊಂದು ನ್ಯೂಟ್ರಾನ್. ಬೆಳಕಿಗೆ ಹರಳಿನೊಳಗಿನ ಎಲ್ಲ ಅಲೆಗಳೂ ಸಿಗಲ್ಲ, ಅದು ಮುಖ್ಯವಾಗಿ ತುಂಬಾ ಉದ್ದದ ಅಲೆಗಳನ್ನೇ ಮುಟ್ಟುತ್ತೆ. ರಿಯಾಕ್ಟರಿನಿಂದ ಬರುವ ನಿಧಾನದ ನ್ಯೂಟ್ರಾನ್‌ಗೆ ಉದ್ದ ಗಿಡ್ಡ ಎಲ್ಲ ಅಲೆಯೂ ಸಿಗುತ್ತೆ. ಹರಳಿಗೆ ಬಡಿದು ಹೊರಬರುವಾಗ ನ್ಯೂಟ್ರಾನ್ ಎಷ್ಟು ಶಕ್ತಿ ಕಳೆದುಕೊಂಡಿತು, ಯಾವ ದಿಕ್ಕಿಗೆ ತಿರುಗಿತು ಅಂತ ಅಳೆದರೆ ಒಳಗಿನ ಅಲೆಯ ಉದ್ದ, ವೇಗ ಎರಡೂ ಗೊತ್ತಾಗುತ್ತೆ. 1950ರ ದಶಕದ ನಡುವಿನಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಬರ್ಟ್ರಾಮ್ ಬ್ರಾಕ್‌ಹೌಸ್ ಇದನ್ನು ಮಾಡಿ ತೋರಿಸಿದರು. ಬಂದ ಗ್ರಾಫು ಎಡೆಬಿಡದ ಗೆರೆ, ಬಾರ್ನ್ ಹೇಳಿದ ಹಾಗೇ. ಬ್ರಾಕ್‌ಹೌಸ್‌ಗೆ ಇದಕ್ಕಾಗಿ ನೊಬೆಲ್ ಸಿಕ್ಕಿದ್ದು 1994ರಲ್ಲಿ. ಅವರ ಹತ್ತಿರ ಕಲಿತು ಬಂದ ಪಿ.ಕೆ. ಅಯ್ಯಂಗಾರ್ ಟ್ರಾಂಬೆಯಲ್ಲಿ ಅದೇ ಥರದ ಪ್ರಯೋಗ ಶುರುಮಾಡಿದರು. ಟ್ರಾಂಬೆಯ ರಿಯಾಕ್ಟರುಗಳನ್ನು ಕಟ್ಟಿಸಿದ್ದು ಹೋಮಿ ಭಾಭಾ.

1928ರಲ್ಲಿ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಈ ಹೊತ್ತಿಗೆ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ನಿರ್ದೇಶಕರು. ಕರೆಂಟ್ ಹರಿಸಿ ಕೆಂಪಗೆ ಕಾಯಿಸಿದ ತಂತಿಯ ಉದ್ದಕ್ಕೂ ಉಷ್ಣತೆ ಹೇಗೆ ಬದಲಾಗುತ್ತೆ ಅಂತ ನೋಡಿ ಅದರಿಂದ ಥರ್ಮಲ್ ಕಂಡಕ್ಟಿವಿಟಿ ಲೆಕ್ಕ ಹಾಕುವ ಅಚ್ಚುಕಟ್ಟಾದ ಕೆಲಸವನ್ನು ಅವರು ಅಲ್ಲಿ ಮಾಡಿದರು. ಒಂದೇ ಲ್ಯಾಬಿನಿಂದ ಹೊರಟ ಇಬ್ಬರು, ಇಬ್ಬರ ಮುಂದೆಯೂ ಘನವಸ್ತುವಿನ ಬಿಸಿಯೇ. ಒಬ್ಬರು ಅಳೆಯುತ್ತಾ ಹೋದರು, ಇನ್ನೊಬ್ಬರು ವಾದಿಸುತ್ತಾ ಹೋದರು.

1954ರಲ್ಲಿ ರಾಮನ್‌ಗೆ ಭಾರತ ರತ್ನ ಬಂತು. ಅದೇ ವರ್ಷ ಬಾರ್ನ್‌ಗೆ ನೊಬೆಲ್, ಹರಳಿನ ಕೆಲಸಕ್ಕಲ್ಲ, ಕ್ವಾಂಟಮ್ ಕೆಲಸಕ್ಕೆ. ರಾಮನ್ ಜಗಳ ಬಿಡಲಿಲ್ಲ. 1957ರ ಸುಮಾರಿಗೆ, 68 ವಯಸ್ಸು ದಾಟಿದ ಮೇಲೂ, ವಜ್ರ, ಅಲ್ಯುಮಿನಿಯಂ, ತಾಮ್ರ, ಬೆಳ್ಳಿ, ಸೀಸಗಳ ಸ್ಪೆಸಿಫಿಕ್ ಹೀಟ್ ಬಗ್ಗೆ ತಮ್ಮ ಲೆಕ್ಕ, ಬೇರೆಯವರ ಅಳತೆ ಪಕ್ಕಪಕ್ಕ ಇಟ್ಟು ಪೇಪರ್ ಮೇಲೆ ಪೇಪರ್ ಬರೆದರು. ಎಲ್ಲ ತಮ್ಮದೇ ಅಕಾಡೆಮಿಯ ಪತ್ರಿಕೆಗಳಲ್ಲಿ. ಅಲ್ಲಿ ಅವರನ್ನು ತಡೆದು ಕೇಳೋರು ಯಾರಿದ್ದರು? ನೊಬೆಲ್ ಬಂದವರ, ಸಂಸ್ಥೆ ಕಟ್ಟಿದವರ, ಪತ್ರಿಕೆ ನಡೆಸುವವರ ಮುಂದೆ ಇಪ್ಪತ್ತೈದರ ಹುಡುಗನೊಬ್ಬ ಎದ್ದು ನಿಂತು ಸರ್ ಇದು ಸರಿಯಿಲ್ಲ ಅನ್ನೋದು ಆಗ ಎಷ್ಟು ಕಷ್ಟವೋ ಈಗಲೂ ಅಷ್ಟೇ ಕಷ್ಟ. ರಾಮನ್ ಸೋಲಿಗೆ ಅವರ ಹಟದಷ್ಟೇ ಸುತ್ತಲಿನ ಮೌನವೂ ಕಾರಣ ಅಂತ ನಾನು ಅಂದುಕೊಂಡಿದ್ದೇನೆ.

ಇದನ್ನೆಲ್ಲ ಹಳೇ ಕಾಲದ ಪಂಡಿತರ ಜಗಳ ಅಂತ ತಳ್ಳಿಹಾಕೋ ಹಾಗಿಲ್ಲ. ಹರಳಿನೊಳಗಿನ ಆ ಎಡೆಬಿಡದ ಅಲೆಗಳ ಶಕ್ತಿಯ ನೋಟುಗಳಿಗೆ ಫೋನಾನ್ ಅಂತ ಹೆಸರು. ಸೆರಾಮಿಕ್‌ನಲ್ಲಿ ಬಿಸಿ ಸಾಗೋದು ಈ ಫೋನಾನ್‌ಗಳು ಓಡಾಡುವುದರಿಂದ. ಲೋಹದಲ್ಲಾದರೆ ಎಲೆಕ್ಟ್ರಾನ್‌ಗಳು ಹೊತ್ತೊಯ್ಯುತ್ತವೆ, ಸೆರಾಮಿಕ್‌ನಲ್ಲಿ ಅವು ಕಟ್ಟಿಹಾಕಿಕೊಂಡಿರುತ್ತವೆ. ವಜ್ರದಲ್ಲಿ ಅಲೆಗೆ ಅಡ್ಡಿ ಬಹಳ ಕಮ್ಮಿ, ಹಾಗಾಗಿ ಅದರ ಕಂಡಕ್ಟಿವಿಟಿ 2000 ವ್ಯಾಟ್ ಆಸುಪಾಸು, ತಾಮ್ರದ ಐದು ಪಟ್ಟು. ಬಿಸಿಯನ್ನು ಕಡಿಮೆ ಇಟ್ಟುಕೊಳ್ಳುವ ವಜ್ರವೇ ಬಿಸಿಯನ್ನು ಎಲ್ಲಕ್ಕಿಂತ ಚೆನ್ನಾಗಿ ಸಾಗಿಸುತ್ತೆ. ಅಲ್ಯುಮಿನಾದಲ್ಲಿ ಹರಳು ಹರಳಿನ ನಡುವಿನ ಗಡಿಗಳು, ಒಳಗೆ ಉಳಿದ ಸಣ್ಣ ತೂತುಗಳು ಅಲೆಯನ್ನು ಚೆದುರಿಸುತ್ತವೆ, ಅಂಕಿ 30ರ ಸುಮಾರಿಗೆ ಇಳಿಯುತ್ತೆ. ಇನ್ನು ಅಡಿಕೆ ನಾರು, ಎಪಾಕ್ಸಿಯಲ್ಲಿ ಅಲೆ ಸಾಗೋಕೆ ಸಾಲಾದ ಜೋಡಣೆಯೇ ಇಲ್ಲ, ನಾರಿಗೂ ಎಪಾಕ್ಸಿಗೂ ನಡುವೆ ಬೇರೆ ಗಡಿ. ಅಲ್ಲಿ ಅಂಕಿ 1ಕ್ಕಿಂತ ಎಷ್ಟೋ ಕೆಳಗೆ. ಸೀಲಿಂಗಿಗೆ ಬೇಕಾಗಿರೋದೂ ಅದೇ. ಹೀಗೆ ವಿವರಿಸೋಕೆ ಆಗೋದು ಬಾರ್ನ್ ಚಿತ್ರದಿಂದ. ರಾಮನ್ ಹೇಳಿದ ಜಾಗ ಬಿಟ್ಟು ಕದಲದ 24p−3 ಅದುರಾಟಗಳಿಂದ ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು ಕಷ್ಟ. ಇನ್ನೊಂದು ಕಡೆ, ಯಾವ ಮೆಟೀರಿಯಲ್ಸ್ ಲ್ಯಾಬಿಗೆ ಹೋದರೂ ಸೆರಾಮಿಕ್ ಪುಡಿ ಯಾವುದು ಅಂತ ಗುರುತಿಸೋಕೆ ಇಟ್ಟಿರೋ ಯಂತ್ರಗಳಲ್ಲಿ ರಾಮನ್ ಸ್ಪೆಕ್ಟ್ರೋಮೀಟರ್ ಒಂದು ಇದ್ದೇ ಇರುತ್ತೆ.

ಕೊನೆಯ ವರ್ಷಗಳಲ್ಲಿ ರಾಮನ್ ಸಂಸ್ಥೆಯ ತೋಟದಲ್ಲಿ ಗುಲಾಬಿ ಬೆಳೆಸಿದರು, ಹೂವಿನ ಬಣ್ಣ, ಮನುಷ್ಯನ ಕಣ್ಣು ಬಣ್ಣ ಗುರುತಿಸುವ ಬಗೆ ಇವುಗಳ ಬಗ್ಗೆ ಬರೆದರು. ಮುತ್ತು, ಓಪಲ್, ಫೆಲ್ಡ್‌ಸ್ಪಾರ್ ಕಲ್ಲುಗಳ ಹೊಳಪನ್ನು ಅಭ್ಯಾಸ ಮಾಡಿದರು. ಮುತ್ತಿನ ಹೊಳಪಿಗೆ ಕಾರಣ ತೆಳು ಪದರದ ಮೇಲೆ ಪದರ ಕೂತಿರೋದು. ನಾವೀಗ ಕಾಂಪೋಸಿಟ್ ಪಾಠದಲ್ಲಿ ಲ್ಯಾಮಿನೇಟ್ ಅಂತ ಓದೋದನ್ನು ಅವರು ಚಿಪ್ಪಿನೊಳಗೆ ನೋಡುತ್ತಿದ್ದರು. ಕೂಡಿಟ್ಟ ವಜ್ರ, ಹರಳು, ಚಿಟ್ಟೆಗಳನ್ನೆಲ್ಲ ಮ್ಯೂಸಿಯಂ ಮಾಡಿ, ಬಂದ ಶಾಲೆ ಮಕ್ಕಳಿಗೆ ತಾವೇ ನಿಂತು ತೋರಿಸುತ್ತಿದ್ದರು.

1970ರ ನವೆಂಬರ್ 21ರಂದು ತೀರಿಕೊಂಡರು. ಅವರ ಇಷ್ಟದಂತೆ ಸಂಸ್ಥೆಯ ತೋಟದಲ್ಲೇ ದಹನ ಮಾಡಿದರು. ಆ ಜಾಗದಲ್ಲಿ ಸಮಾಧಿ ಇಲ್ಲ, ಒಂದು ಮರ ನೆಟ್ಟಿದ್ದಾರೆ. ವಜ್ರಗಳು ಮ್ಯೂಸಿಯಂನಲ್ಲಿವೆ.